ಸೈನ್ಯದ ಸಿಗ್ನಲ್ಸ್ ವಿಭಾಗ: ಕಂಪ್ಯೂಟರ್, ಎಲೆಕ್ಟ್ರಾನಿಕ್ಸ್ ಓದುವವರು ತಿಳಿದಿರಬೇಕಾದದ್ದು

(ಕಾರವಾರದಲ್ಲಿ ಪಿಯುಸಿ, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ಹಾಗೂ ಪಾಲಕರ ಮುಂದೆ ನಿವೃತ್ತ ಸಿಗ್ನಲ್ಸ್ ಸೈನಿಕರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೂ ಪಾಲಕರಿಗೂ ವಿದ್ಯಾರ್ಥಿ ಮಿತ್ರರಿಗೂ ನಮಸ್ಕಾರ.

ನಮ್ಮ ಜಿಲ್ಲೆಯಲ್ಲಿ ರಕ್ಷಣಾ ಪಡೆ ಎಂದ ಕೂಡಲೇ ಎಲ್ಲರ ಕಣ್ಣೆದುರು ಬರುವುದು ನೌಕಾಪಡೆ. ಇಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗಾಗಿ ಊರು ಬಿಟ್ಟ ಕುಟುಂಬಗಳು ಈ ಸಭೆಯಲ್ಲೂ ಇವೆ, 2005ರಲ್ಲಿ ಐಎನ್‌ಎಸ್ ಕದಂಬ ಕಾರ್ಯಾರಂಭ ಮಾಡಿದ ಮೇಲೆ ಹುಟ್ಟಿದ ಮಕ್ಕಳೂ ಇಲ್ಲಿ ಕುಳಿತಿದ್ದಾರೆ. ಹಾಗಾಗಿ ಭೂಸೇನೆಯಲ್ಲಿ ಕಂಪ್ಯೂಟರ್ ಮತ್ತು ಸಂಪರ್ಕ ತಂತ್ರಜ್ಞಾನಕ್ಕೆಂದೇ ನೂರು ವರ್ಷ ದಾಟಿದ ಒಂದು ದೊಡ್ಡ ವಿಭಾಗವಿದೆ ಎಂಬುದು ಇಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಅದರ ಹೆಸರು ಕೋರ್ ಆಫ್ ಸಿಗ್ನಲ್ಸ್. ಈ ವಿಭಾಗದಲ್ಲಿ ನಿಮ್ಮ ಓದಿಗೆ ತಕ್ಕ ಕೆಲಸ ಖಂಡಿತ ಇದೆ. ಆದರೆ ಅಲ್ಲಿ ನೀವು ಮೊದಲು ಸೈನಿಕರು, ಆಮೇಲೆ ತಂತ್ರಜ್ಞರು. ಈ ಕ್ರಮವನ್ನು ಒಪ್ಪದೆ ಹೋದವರಿಗೆ ಅಲ್ಲಿ ಸುಖವಿಲ್ಲ. ಇಂದು ನಾನು ಹೇಳುವ ಮಿಕ್ಕ ಮಾತುಗಳೆಲ್ಲ ಇದರ ವಿವರಣೆ ಎಂದೇ ತಿಳಿಯಿರಿ.

ತಾಂತ್ರಿಕ ವಿಭಾಗದವರು ಹಿಂದೆ ಸುರಕ್ಷಿತವಾಗಿ ಕುಳಿತಿರುತ್ತಾರೆ ಎಂಬ ಕಲ್ಪನೆಯನ್ನು ಬಿಡಿಸಲು ನಮ್ಮ ಊರಿನ ಉದಾಹರಣೆಯೇ ಸಾಕು. ಠಾಗೋರ್ ಕಡಲತೀರದಲ್ಲಿ ಪ್ರತಿಮೆಯಾಗಿ ನಿಂತಿರುವ ಚೆಂಡಿಯಾದ ಮೇಜರ್ ರಾಮಾ ರಾಘೋಬಾ ರಾಣೆಯವರು ಪದಾತಿ ದಳದವರಲ್ಲ, ಎಂಜಿನಿಯರ್ಸ್ ವಿಭಾಗದವರು. 1948ರ ಏಪ್ರಿಲ್‌ನಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ಶತ್ರುವಿನ ಗುಂಡಿನ ನಡುವೆಯೇ ನೆಲಬಾಂಬುಗಳನ್ನೂ ಅಡ್ಡಗಟ್ಟಿದ್ದ ಮರಗಳನ್ನೂ ತೆರವು ಮಾಡಿ ನಮ್ಮ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟದ್ದಕ್ಕಾಗಿ ಅವರಿಗೆ ಪರಮವೀರ ಚಕ್ರ ಬಂದಿತು. ಆ ಗೌರವವನ್ನು ಬದುಕಿದ್ದಾಗಲೇ ಪಡೆದವರಲ್ಲಿ ಅವರೇ ಮೊದಲಿಗರು. ಅವರು ಮಾಡಿದ್ದು ಅಪ್ಪಟ ತಾಂತ್ರಿಕ ಕೆಲಸ. ಮಾಡಿದ ಜಾಗ ಮಾತ್ರ ರಣರಂಗ.

ಸಿಗ್ನಲ್ಸ್ ವಿಭಾಗ ಹುಟ್ಟಿದ್ದು 1911ರ ಫೆಬ್ರವರಿ 15ರಂದು. ‘ತೀವ್ರ ಚೌಕಸ್’ ಎಂಬುದು ಅದರ ಧ್ಯೇಯವಾಕ್ಯ. ವೇಗವಾಗಿಯೂ ಎಚ್ಚರದಿಂದಲೂ ಎಂದು ಅರ್ಥ. ಸ್ವಾತಂತ್ರ್ಯದ ನಂತರ ಕೆಲವು ವರ್ಷ ಬ್ರಿಟಿಷ್ ಅಧಿಕಾರಿಯ ಕೈಯಲ್ಲೇ ಇದ್ದ ಈ ವಿಭಾಗದ ಮುಖ್ಯಸ್ಥರ ಹುದ್ದೆಗೆ 1954ರಲ್ಲಿ ಬಂದ ಮೊದಲ ಭಾರತೀಯರು ಕೊಡಗಿನ ಎ.ಸಿ. ಅಯ್ಯಪ್ಪನವರು. ಅದೇ ವರ್ಷ ಬೆಂಗಳೂರಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, ಆರಂಭವಾಯಿತು. ಗಣರಾಜ್ಯೋತ್ಸವದ ದಿನ ಒಂದೇ ಮೋಟಾರ್‌ಸೈಕಲ್ ಮೇಲೆ ಹತ್ತಾರು ಮಂದಿ ಗೋಪುರ ಕಟ್ಟಿ ಬರುವುದನ್ನು ಟಿವಿಯಲ್ಲಿ ನೋಡಿದ್ದೀರಲ್ಲ, ಆ ಡೇರ್‌ಡೆವಿಲ್ಸ್ ತಂಡವೂ ಸಿಗ್ನಲ್ಸ್‌ನದೇ. ರೇಡಿಯೊ ತಲುಪದ ಕಡೆಗೆ ಬೈಕಿನಲ್ಲಿ ಪತ್ರ ಒಯ್ಯುತ್ತಿದ್ದ ಡಿಸ್ಪ್ಯಾಚ್ ರೈಡರುಗಳ ವಂಶ ಅದು. ಚರಿತ್ರೆ ಇಷ್ಟು ಸಾಕು.

ಈಗ ಕೆಲಸದ ಸ್ವರೂಪಕ್ಕೆ ಬರೋಣ. ನಗರದ ಐಟಿ ಕಂಪನಿಯಲ್ಲಿ ನೆಟ್‌ವರ್ಕ್ ಎಂಬುದು ಮೊದಲೇ ಇರುತ್ತದೆ, ನೀವು ಹೋಗಿ ಅದರ ಮೇಲೆ ಕೆಲಸ ಮಾಡುತ್ತೀರಿ. ಸೈನ್ಯದಲ್ಲಿ ಹಾಗಲ್ಲ. ಒಂದು ಬ್ರಿಗೇಡ್ ಇಂದು ಇದ್ದ ಜಾಗ ಬಿಟ್ಟು ರಾತ್ರೋರಾತ್ರಿ ಇನ್ನೊಂದು ಕಣಿವೆಗೆ ಹೋದರೆ, ಬೆಳಗಾಗುವುದರೊಳಗೆ ಅಲ್ಲಿ ದೂರವಾಣಿ, ರೇಡಿಯೊ, ಡೇಟಾ ಎಲ್ಲವೂ ನಡೆಯುತ್ತಿರಬೇಕು. ಕಮಾಂಡರ್ ರಿಸೀವರ್ ಎತ್ತಿದಾಗ ಆ ಕಡೆಯಿಂದ ದನಿ ಬರಬೇಕು. 1962ರ ಅಕ್ಟೋಬರ್ 20ರ ಬೆಳಗ್ಗೆ ಈಗಿನ ಅರುಣಾಚಲದ ಗಡಿಯ ನಮ್ಕಾ ಚು ಹೊಳೆಯ ದಡದಲ್ಲಿ ಚೀನಾದ ಫಿರಂಗಿ ದಾಳಿಗೆ ನಮ್ಮ ದೂರವಾಣಿ ತಂತಿಗಳು ತುಂಡಾದವು, ಒಂದು ತುಕಡಿಗೆ ಏನಾಗಿದೆ ಎಂಬುದು ಇನ್ನೊಂದು ತುಕಡಿಗೆ ತಿಳಿಯದಾಯಿತು. ಸಂಪರ್ಕ ಹೋದ ಸೈನ್ಯದ ಗತಿ ಏನೆಂಬುದಕ್ಕೆ ಸಿಗ್ನಲ್ಸ್‌ನವರು ಇಂದಿಗೂ ನೆನಪಿಸಿಕೊಳ್ಳುವ ದಿನಗಳಲ್ಲಿ ಅದೊಂದು.

ನಿಮಗೆ ಪರಿಚಿತವಾದ ನೆಲವನ್ನೇ ತೆಗೆದುಕೊಳ್ಳಿ. ಶಿರಸಿ, ಸಿದ್ದಾಪುರ, ಜೋಯಿಡಾ ಕಡೆಯ ಮಕ್ಕಳು 2020ರಲ್ಲಿ ಆನ್‌ಲೈನ್ ತರಗತಿಗಾಗಿ ಮೊಬೈಲ್ ಹಿಡಿದು ಗುಡ್ಡ ಹತ್ತಿ ಕುಳಿತದ್ದನ್ನು ನಾವೆಲ್ಲ ಬಲ್ಲೆವು. ಗುಡ್ಡದ ಮೇಲೆ ಸಿಗ್ನಲ್ ಸಿಕ್ಕು ಕೆಳಗಿನ ತೋಟದ ಮನೆಯಲ್ಲಿ ಸಿಗದಿರಲು ಕಾರಣ, ಆ ಆವರ್ತನದ ತರಂಗಗಳು ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಸಾಗುತ್ತವೆ, ನಡುವೆ ಬೆಟ್ಟ ಬಂದರೆ ನಿಂತುಬಿಡುತ್ತವೆ. ಸೈನಿಕರು ಬೆನ್ನ ಮೇಲೆ ಹೊರುವ ವಿಎಚ್‌ಎಫ್ (ಅತಿ ಹೆಚ್ಚು ಆವರ್ತನದ) ರೇಡಿಯೊಗೂ ಇದೇ ತೊಡಕು. ದೇವಿಮನೆ ಘಟ್ಟದಂಥ ಜಾಗದಲ್ಲಿ ಒಂದು ತುಕಡಿ ಕಣಿವೆಯೊಳಗೆ ಇಳಿದಿದೆ, ಕೇಂದ್ರ ಠಾಣೆ ಬೆಟ್ಟದ ಆಚೆಗಿದೆ ಎಂದುಕೊಳ್ಳಿ. ಆಗ ಸಿಗ್ನಲ್ಸ್‌ನವನಿಗೆ ಎರಡು ದಾರಿ. ಬೆಟ್ಟದ ನೆತ್ತಿಗೆ ಮರುಪ್ರಸಾರದ ಸೆಟ್ಟು, ಬ್ಯಾಟರಿ, ಆಂಟೆನಾ ಹೊತ್ತುಕೊಂಡು ಹೋಗಿ ಇಬ್ಬರು ಮೂವರು ಅಲ್ಲೇ ಬೀಡುಬಿಡುವುದು ಒಂದು. ಕಡಿಮೆ ಆವರ್ತನದ ಎಚ್‌ಎಫ್ ರೇಡಿಯೊಗೆ ತಂತಿಯ ಆಂಟೆನಾವನ್ನು ನೆಲದಿಂದ ಸ್ವಲ್ಪವೇ ಎತ್ತರದಲ್ಲಿ ಅಡ್ಡಲಾಗಿ ಕಟ್ಟಿ, ತರಂಗವನ್ನು ನೆಟ್ಟಗೆ ಆಕಾಶಕ್ಕೆ ಕಳುಹಿಸಿ, ಮೇಲಿನ ವಾತಾವರಣದ ವಿದ್ಯುತ್ ಕಣಗಳ ಪದರವಾದ ಅಯಾನುಗೋಳಕ್ಕೆ ತಾಗಿ ಬೆಟ್ಟದ ಆಚೆಗೆ ಇಳಿಯುವಂತೆ ಮಾಡುವುದು ಇನ್ನೊಂದು.

ಎರಡನೆಯ ದಾರಿಯ ಲೆಕ್ಕವನ್ನು ಪಿಯುಸಿಯ ಭೌತಶಾಸ್ತ್ರ ಓದಿದ ಯಾರೂ ಮಾಡಬಹುದು. ಬೆಳಕಿನ ವೇಗವನ್ನು ಆವರ್ತನದಿಂದ ಭಾಗಿಸಿದರೆ ತರಂಗಾಂತರ ಸಿಗುತ್ತದೆ. 5 ಮೆಗಾಹರ್ಟ್ಸ್‌ಗೆ ಅದು 60 ಮೀಟರ್. ಆಂಟೆನಾ ಅದರ ಅರ್ಧ, 30 ಮೀಟರ್ ಇರಬೇಕು. ತಂತಿಯ ತುದಿಗಳ ಪರಿಣಾಮದಿಂದಾಗಿ ನಿಜಕ್ಕೂ ಇಪ್ಪತ್ತೆಂಟೂವರೆ ಮೀಟರಿನಷ್ಟಿದ್ದರೆ ಸರಿಹೋಗುತ್ತದೆ. ಕಾಗದದ ಮೇಲೆ ಇದು ಎರಡು ಅಂಕದ ಪ್ರಶ್ನೆ. ಮಳೆ ಹೊಡೆಯುತ್ತಿರುವ ರಾತ್ರಿಯಲ್ಲಿ, ದೀಪ ಹಚ್ಚುವಂತಿಲ್ಲದ ಕಡೆ, ಕೈಯಳತೆಯಲ್ಲೇ ತಂತಿ ಅಳೆದು ಎರಡು ಮರಗಳ ನಡುವೆ ಕಟ್ಟಬೇಕು. ಅಷ್ಟಾದ ಮೇಲೂ ಹಗಲಿನಲ್ಲಿ ನಡೆದ ಆವರ್ತನ ರಾತ್ರಿ ನಡೆಯುವುದಿಲ್ಲ, ಏಕೆಂದರೆ ಸೂರ್ಯ ಮುಳುಗಿದಂತೆ ಅಯಾನುಗೋಳದ ಸಾಂದ್ರತೆ ತಗ್ಗುತ್ತದೆ. ಆವರ್ತನ ಬದಲಾಯಿಸಿ, ತಂತಿ ಉದ್ದ ಮಾಡಿ, ಮತ್ತೆ ಕಟ್ಟಬೇಕು. ನನ್ನ ಮಟ್ಟಿಗೆ ಸಿಗ್ನಲ್ಸ್ ಕೆಲಸದ ಸೊಗಸು ಇಲ್ಲಿದೆ: ಓದಿದ್ದು ನಿಜವೋ ಸುಳ್ಳೋ ಎಂಬುದು ಐದು ನಿಮಿಷದಲ್ಲಿ ಕಿವಿಗೆ ಕೇಳಿಬಿಡುತ್ತದೆ.

ಇನ್ನೂ ಸಣ್ಣ ಸಂಗತಿಗಳಿವೆ. ಹಿಮದ ಠಾಣೆಗಳಲ್ಲಿ ಬ್ಯಾಟರಿಯ ಶಕ್ತಿ ಚಳಿಗೆ ಬೇಗ ಇಳಿದುಹೋಗುತ್ತದೆ, ಆದ್ದರಿಂದ ಬದಲಿ ಬ್ಯಾಟರಿಯನ್ನು ಮಲಗುವ ಚೀಲದೊಳಗೆ ಮೈಗೆ ಆನಿಸಿಕೊಂಡು ಬೆಚ್ಚಗಿಡುತ್ತಾರೆ. ರೇಡಿಯೊದಲ್ಲಿ ಮಾತು ಚುಟುಕಾಗಿರಬೇಕು. ಹೆಚ್ಚು ಹೊತ್ತು ಮಾತನಾಡಿದರೆ ನೀವು ಇರುವ ದಿಕ್ಕನ್ನು ಶತ್ರುವಿನ ಉಪಕರಣ ಹಿಡಿದುಬಿಡುತ್ತದೆ, ಆಮೇಲೆ ಬರುವುದು ಫಿರಂಗಿಯ ಗುಂಡು. ಕೇಬಲ್ ಎಳೆಯುವಾಗ ವಾಹನ ದಾಟುವ ಕಡೆ ನೆಲದಲ್ಲಿ ಹೂಳಬೇಕು ಇಲ್ಲವೇ ಕಂಬದ ಮೇಲೆ ಎತ್ತಬೇಕು, ತುಂಡಾದರೆ ಕತ್ತಲಲ್ಲೂ ಕೈಯಲ್ಲಿ ತಡವಿ ತುದಿ ಹುಡುಕಿ ಗಂಟು ಹಾಕಬೇಕು. ಆಪ್ಟಿಕಲ್ ಫೈಬರ್, ಉಪಗ್ರಹ, ಸಾಫ್ಟ್‌ವೇರ್ ರೇಡಿಯೊ ಎಲ್ಲ ಬಂದ ಮೇಲೂ ತಂತಿಯ ಕೆಲಸ ಹೋಗಿಲ್ಲ, ಏಕೆಂದರೆ ತಂತಿಯಲ್ಲಿ ಹೋಗುವ ಮಾತನ್ನು ಗಾಳಿಯಲ್ಲಿ ಕದ್ದು ಕೇಳಲಾಗುವುದಿಲ್ಲ.

ದೊಡ್ಡ ಜಾಲಗಳೂ ಇವೆ. ಸೇನೆಯ ಸ್ವಂತ ಸ್ಥಿರ ಸಂಪರ್ಕ ಜಾಲವಾದ ಆಸ್ಕಾನ್‌ನ ನಾಲ್ಕನೆಯ ಹಂತದ ಗುತ್ತಿಗೆ 2020ರಲ್ಲಿ ಸರ್ಕಾರಿ ದೂರಸಂಪರ್ಕ ಕಂಪನಿಯಾದ ಬೆಂಗಳೂರಿನ ಐಟಿಐಗೆ ಸಿಕ್ಕಿತು. ಭೂಸೇನೆಗೆಂದೇ ಜಿಸ್ಯಾಟ್-7ಬಿ ಉಪಗ್ರಹ ನಿರ್ಮಿಸಲು 2023ರಲ್ಲಿ ಒಪ್ಪಂದವಾಯಿತು. ಮೂರೂ ಪಡೆಗಳಿಗೆ ಸೇರಿದ ರಕ್ಷಣಾ ಸೈಬರ್ ಏಜೆನ್ಸಿ 2019ರಿಂದ ಕೆಲಸ ಮಾಡುತ್ತಿದೆ, ಕಮಾಂಡುಗಳ ಮಟ್ಟದಲ್ಲಿ ಸೈಬರ್ ಘಟಕಗಳನ್ನು ಕಟ್ಟಲು ಭೂಸೇನೆ 2023ರಲ್ಲಿ ನಿರ್ಧರಿಸಿತು. ಸೈಬರ್ ಎಂಬ ಮಾತಿಗೇ ಮರುಳಾಗುವವರು ಈ ಸಭೆಯಲ್ಲಿ ಇರಬಹುದು. ಅವರಿಗೆ ಒಂದು ಮಾತು: ಅಂಥ ಘಟಕಕ್ಕೆ ಹೋಗುವವರು ಮೊದಲು ಸಾಮಾನ್ಯ ಸಿಗ್ನಲ್ಸ್ ಘಟಕದಲ್ಲಿ ಬೆವರು ಹರಿಸಿರುತ್ತಾರೆ. ಸೇನೆಯೊಳಗಿನ ದಿನನಿತ್ಯದ ಸೈಬರ್ ಭದ್ರತೆಯೆಂದರೆ ಪೆನ್‌ಡ್ರೈವ್ ಹಾಕದಂತೆ ನೋಡಿಕೊಳ್ಳುವುದು, ಆಂತರಿಕ ಜಾಲವನ್ನು ಇಂಟರ್ನೆಟ್‌ನಿಂದ ಬೇರೆಯಾಗಿಡುವುದು, ಲಾಗ್ ಓದುವುದು ಮುಂತಾದ ಬೇಸರದ ಕೆಲಸ. 2020ರ ಜುಲೈನಲ್ಲಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿದಂತೆ 89 ಆಪ್‌ಗಳನ್ನು ಫೋನಿನಿಂದ ತೆಗೆಯಬೇಕೆಂದು ಸೇನೆ ತನ್ನವರಿಗೆಲ್ಲ ಆದೇಶಿಸಿತ್ತು. ತಾನೇನು ಮಾಡುತ್ತೇನೆ ಎಂದು ಜಗತ್ತಿಗೆ ತೋರಿಸಿಕೊಳ್ಳಲಾಗದ ವೃತ್ತಿ ಇದು.

ಸಾಫ್ಟ್‌ವೇರ್ ಬರೆಯುವುದೇ ಆಸೆಯಾಗಿದ್ದರೆ ಸಮವಸ್ತ್ರದ ಹೊರಗೆ ಉಳಿಯುವುದು ಲೇಸು. ಸೇನೆಯ ಉಪಕರಣಗಳನ್ನು ವಿನ್ಯಾಸ ಮಾಡುವವರು ಬಹುಪಾಲು ಬಿಇಎಲ್‌ನವರು, ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ಪ್ರಯೋಗಾಲಯಗಳವರು, ಖಾಸಗಿ ಕಂಪನಿಗಳವರು. ಡಿಆರ್‌ಡಿಒದ ಕೃತಕ ಬುದ್ಧಿಮತ್ತೆ ಮತ್ತು ರೊಬೊಟಿಕ್ಸ್ ಕೇಂದ್ರ, ಕೇರ್ ಎಂದು ಕರೆಯುವುದು, ಬೆಂಗಳೂರಿನಲ್ಲೇ ಇದೆ, 1986ರಷ್ಟು ಹಳೆಯದು. ಅಲ್ಲಿಗೆ ವಿಜ್ಞಾನಿಯಾಗಿ ಸೇರಲು ಎಂಜಿನಿಯರಿಂಗ್ ಮುಗಿಸಿ ಗೇಟ್ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆಯಬೇಕು. ಏನು ಬೇಕೆಂದು ಹೇಳುವುದು, ಬಂದದ್ದನ್ನು ಪರೀಕ್ಷಿಸುವುದು, ನಡೆಸುವುದು, ಕೆಟ್ಟರೆ ನಿಂತಲ್ಲೇ ರಿಪೇರಿ ಮಾಡುವುದು ಸೈನಿಕನ ಪಾಲಿನ ಕೆಲಸ.

ಇನ್ನು ಸೇರುವ ದಾರಿಗಳು. ಅಧಿಕಾರಿಯಾಗಿ ಸೇರಲು ಪಿಯುಸಿ ವಿಜ್ಞಾನದ ಹುಡುಗರಿಗೆ ಇರುವ ನೇರ ದಾರಿ ಟೆಕ್ನಿಕಲ್ ಎಂಟ್ರಿ ಸ್ಕೀಮ್, ಟಿಇಎಸ್. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಒಟ್ಟು ಶೇ. 60 ಅಂಕ, ಜೊತೆಗೆ ಜೆಇಇ ಮೇನ್ ಬರೆದಿರಬೇಕು. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಸಿಇಟಿ ಮಾತ್ರ ಬರೆದು ಜೆಇಇ ನಮಗೇಕೆ ಎಂದು ಬಿಟ್ಟವರಿಗೆ ಈ ಬಾಗಿಲು ಮುಚ್ಚಿರುತ್ತದೆ, ಪಾಲಕರು ಇದನ್ನು ಗಮನಿಸಬೇಕು. ಆಯ್ಕೆಯಾದವರು ಮೂರು ವರ್ಷ ಪುಣೆ, ಸಿಕಂದರಾಬಾದ್ ಅಥವಾ ಮಹೂವಿನ ಸೇನಾ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಓದಿ, ಒಂದು ವರ್ಷ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಪಡೆಯುತ್ತಾರೆ. ಮಧ್ಯಪ್ರದೇಶದ ಮಹೂವಿನಲ್ಲಿರುವ ಮಿಲಿಟರಿ ಕಾಲೇಜ್ ಆಫ್ ಟೆಲಿಕಮ್ಯುನಿಕೇಷನ್ ಎಂಜಿನಿಯರಿಂಗ್ ಸಿಗ್ನಲ್ಸ್‌ನವರ ತವರು. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ಹೋಗಿ ಮುಂದೆ ಸಿಗ್ನಲ್ಸ್‌ಗೆ ಬಂದ ಅಧಿಕಾರಿಗಳೂ ಅಲ್ಲಿಯೇ ಎಂಜಿನಿಯರಿಂಗ್ ಪದವಿಯ ಕೋರ್ಸ್ ಮಾಡುತ್ತಾರೆ. ಮುಂದೆ ಐಐಟಿಗಳಲ್ಲಿ ಎಂ.ಟೆಕ್ ಓದಲು ಸೇನೆಯೇ ಕೆಲವರನ್ನು ಕಳುಹಿಸುತ್ತದೆ.

ಎಂಜಿನಿಯರಿಂಗ್ ಓದುತ್ತಿರುವವರಿಗೆ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್ ಮತ್ತು ಶಾರ್ಟ್ ಸರ್ವಿಸ್ ಟೆಕ್ನಿಕಲ್ ಎಂಬ ಎರಡು ದಾರಿಗಳಿವೆ. ಎರಡಕ್ಕೂ ವಯಸ್ಸು 20ರಿಂದ 27. ಲಿಖಿತ ಪರೀಕ್ಷೆ ಇಲ್ಲ. ಎಂಜಿನಿಯರಿಂಗ್ ಅಂಕಗಳ ಆಧಾರದ ಮೇಲೆ ಎಸ್‌ಎಸ್‌ಬಿಗೆ, ಅಂದರೆ ಅಧಿಕಾರಿಗಳನ್ನು ಆರಿಸುವ ಮಂಡಳಿಯ ಸಂದರ್ಶನಕ್ಕೆ, ಕರೆಯುತ್ತಾರೆ. ಇಲ್ಲಿ ನಮ್ಮ ಮಕ್ಕಳು ಎಡವುವ ಒಂದು ಕಡೆಯನ್ನು ಬಿಡಿಸಿ ಹೇಳಬೇಕು. ಅಧಿಸೂಚನೆಯಲ್ಲಿ ಹುದ್ದೆಗಳನ್ನು ಕಂಪ್ಯೂಟರ್ ಸೈನ್ಸ್, ಎಲೆಕ್ಟ್ರಾನಿಕ್ಸ್, ಸಿವಿಲ್ ಎಂದು ಶಾಖೆವಾರು ಹಂಚಿರುತ್ತಾರೆ, ಪ್ರತಿಯೊಂದರ ಕೆಳಗೆ ಅದಕ್ಕೆ ಸಮಾನವೆಂದು ಒಪ್ಪುವ ಪದವಿಗಳ ಹೆಸರು ಕೊಟ್ಟಿರುತ್ತಾರೆ. ನಿಮ್ಮ ಅಂಕಪಟ್ಟಿಯಲ್ಲಿರುವ ಶಾಖೆಯ ಹೆಸರು ಆ ಪಟ್ಟಿಯಲ್ಲಿ ಇದ್ದಂತೆಯೇ ಇರಬೇಕು. ಈಗ ಕಾಲೇಜುಗಳು ಕೃತಕ ಬುದ್ಧಿಮತ್ತೆ, ಡೇಟಾ ಸೈನ್ಸ್ ಎಂದು ವರ್ಷಕ್ಕೊಂದು ಹೊಸ ಹೆಸರಿನ ಶಾಖೆ ತೆರೆಯುತ್ತಿವೆ. ಸೀಟು ಆರಿಸುವಾಗಲೇ ಹಿಂದಿನ ಅಧಿಸೂಚನೆಯೊಂದನ್ನು ಮುಂದಿಟ್ಟುಕೊಂಡು ಆ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ನೋಡಿಕೊಳ್ಳಿ. ನಾಲ್ಕು ವರ್ಷ ಓದಿದ ಮೇಲೆ ಹೆಸರಿನ ಕಾರಣಕ್ಕೆ ಅರ್ಜಿ ತಿರಸ್ಕೃತವಾದರೆ ಯಾರನ್ನು ಕೇಳುವುದು?

ಹೆಣ್ಣುಮಕ್ಕಳ ವಿಷಯ. ಟಿಇಎಸ್ ಗಂಡುಮಕ್ಕಳಿಗೆ ಮಾತ್ರ. ನಾಲ್ಕು ವರ್ಷದ ಅವಧಿಗೆ ಸೈನಿಕರಾಗಿ ಸೇರುವ ಅಗ್ನಿವೀರರಲ್ಲಿ ಮಹಿಳೆಯರಿಗೆ ಸೇನೆಯಲ್ಲಿ ಇರುವುದು ಮಿಲಿಟರಿ ಪೊಲೀಸ್ ವಿಭಾಗ. ಆದ್ದರಿಂದ ಸಿಗ್ನಲ್ಸ್‌ಗೆ ಬರಬೇಕೆನ್ನುವ ಹುಡುಗಿಯರು 2022ರಿಂದ ಅವರಿಗೂ ತೆರೆದ ಎನ್‌ಡಿಎ ಮೂಲಕ, ಇಲ್ಲವೇ ಎಂಜಿನಿಯರಿಂಗ್ ಮುಗಿಸಿ ಶಾರ್ಟ್ ಸರ್ವಿಸ್ ಮೂಲಕ ಹೋಗಬೇಕು. 2020ರ ಫೆಬ್ರವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಶಾರ್ಟ್ ಸರ್ವಿಸ್ ಮಹಿಳಾ ಅಧಿಕಾರಿಗಳಿಗೂ ಕಾಯಂ ಸೇವೆಯ ಹಕ್ಕು ಬಂದಿದೆ.

ಎಸ್‌ಎಸ್‌ಬಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಐದು ದಿನದ ಪರೀಕ್ಷೆ, ಬೆಂಗಳೂರಿನಲ್ಲೂ ಕೇಂದ್ರವಿದೆ. ಮೊದಲ ದಿನವೇ ಬಹಳಷ್ಟು ಮಂದಿ ಮನೆಗೆ ಮರಳುತ್ತಾರೆ. ಇಂಗ್ಲಿಷಿನ ಹೆದರಿಕೆಗಿಂತ ದೊಡ್ಡ ತೊಂದರೆ, ಗುಂಪಿನಲ್ಲಿ ಬಾಯಿ ಬಿಡದಿರುವ ನಮ್ಮ ಸಂಕೋಚ. ಅದನ್ನು ಯಕ್ಷಗಾನ ಮೇಳದಲ್ಲೋ ಕಬಡ್ಡಿ ಅಂಗಳದಲ್ಲೋ ಕಳೆದುಕೊಳ್ಳಬಹುದೇ ಹೊರತು ಕೋಚಿಂಗ್ ಕೋಣೆಯಲ್ಲಿ ಅಲ್ಲ ಎಂಬುದು ನನ್ನ ಅಭಿಪ್ರಾಯ.

ಸೈನಿಕನಾಗಿ ಸೇರುವ ದಾರಿ ಈಗ ಅಗ್ನಿಪಥ. ಅಗ್ನಿವೀರ್ ಟೆಕ್ನಿಕಲ್‌ಗೆ ಪಿಯುಸಿ ವಿಜ್ಞಾನದಲ್ಲಿ ಒಟ್ಟು ಶೇ. 50 ಅಂಕ, ಪ್ರತಿ ವಿಷಯದಲ್ಲಿ ಶೇ. 40 ಬೇಕು, ನಿಗದಿತ ಶಾಖೆಗಳ ಐಟಿಐ ಮತ್ತು ಡಿಪ್ಲೊಮಾ ಓದಿದವರಿಗೂ ಅವಕಾಶವಿದೆ. ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಓಟ ಮತ್ತಿತರ ದೈಹಿಕ ಪರೀಕ್ಷೆ. ನಮ್ಮ ಜಿಲ್ಲೆ ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಬರುತ್ತದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ಅದರಲ್ಲಿ ಕೈಗೆ ಬರುವುದು 21,000. ಉಳಿದದ್ದು ಸೇವಾ ನಿಧಿಗೆ ಹೋಗಿ, ಸರ್ಕಾರದ ಪಾಲೂ ಬಡ್ಡಿಯೂ ಸೇರಿ ನಾಲ್ಕು ವರ್ಷದ ಕೊನೆಗೆ ಸುಮಾರು 11.71 ಲಕ್ಷವಾಗಿ ಬರುತ್ತದೆ. ಆಮೇಲೆ ಶೇ. 25ರವರೆಗೆ ಮಾತ್ರ ಕಾಯಂ ಆಗುವ ಅವಕಾಶ. ಈ ಲೆಕ್ಕವನ್ನು ಮನೆಯವರೆಲ್ಲ ಕುಳಿತು ಮಾತನಾಡಬೇಕು. ನಾಲ್ವರಲ್ಲಿ ಮೂವರು ಹೊರಗೆ ಬರುತ್ತಾರೆಂದೇ ಇಟ್ಟುಕೊಂಡು ಹೋಗಬೇಕು; ತಾನು ಉಳಿಯುವ ಒಬ್ಬನೇ ಎಂಬ ಧೈರ್ಯದ ಮೇಲೆ ಮಾತ್ರ ಹೋಗಬಾರದು. ಸೇವೆಯಲ್ಲಿ ಕಲಿತದ್ದಕ್ಕೆ ಅಂಕ ನೀಡಿ ಪದವಿ ಕೊಡುವ ವ್ಯವಸ್ಥೆಯನ್ನು ಇಗ್ನೊ ಮಾಡಿದೆ, ಮೊದಲ ವರ್ಷವೇ ಅದಕ್ಕೆ ಹೆಸರು ನೋಂದಾಯಿಸಿಕೊಳ್ಳುವುದು ಜಾಣತನ. ಕಾಯಂ ಆಗಿ ಉಳಿದವರಿಗೆ ಮುಂದೆ ಮಹೂವಿನಲ್ಲಿ ಫೋರ್‌ಮನ್ ಆಫ್ ಸಿಗ್ನಲ್ಸ್, ಯೋಮನ್ ಆಫ್ ಸಿಗ್ನಲ್ಸ್ ಎಂಬ ಉನ್ನತ ಕೋರ್ಸುಗಳಿವೆ. ಒಂದು ಘಟಕದಲ್ಲಿ ಫೋರ್‌ಮನ್ ಸುಬೇದಾರರ ಮಾತನ್ನು ಕರ್ನಲ್ ಸಾಹೇಬರೂ ಕಿವಿಗೊಟ್ಟು ಕೇಳುತ್ತಾರೆ.

ಈಗ ಎಲ್ಲಕ್ಕಿಂತ ಕಹಿಯಾದ ಮಾತು. ಯಾವ ದಾರಿಯಲ್ಲಿ ಹೋದರೂ ಸಿಗ್ನಲ್ಸ್ ವಿಭಾಗವೇ ಸಿಗುತ್ತದೆ ಎಂಬ ಖಾತರಿಯಿಲ್ಲ. ಅಧಿಕಾರಿ ತರಬೇತಿಯ ಕೊನೆಯಲ್ಲಿ ಕೆಡೆಟ್‌ಗಳು ತಮ್ಮ ಆಯ್ಕೆಯನ್ನು ಬರೆದುಕೊಡುತ್ತಾರೆ. ಅರ್ಹತೆ ಮತ್ತು ಖಾಲಿ ಜಾಗ ನೋಡಿ ಹಂಚುತ್ತಾರೆ. ತಾಂತ್ರಿಕ ದಾರಿಯಲ್ಲಿ ಬಂದವರು ಹೆಚ್ಚಾಗಿ ಸಿಗ್ನಲ್ಸ್, ಎಂಜಿನಿಯರ್ಸ್, ಇಎಂಇ ವಿಭಾಗಗಳಿಗೆ ಹೋಗುತ್ತಾರೆ, ಆದರೆ ಕಂಪ್ಯೂಟರ್ ಓದಿದವನಿಗೆ ಟ್ಯಾಂಕ್ ರಿಪೇರಿ ಮಾಡುವ ಇಎಂಇ ಸಿಗಬಹುದು, ಪದಾತಿ ದಳವೂ ಸಿಗಬಹುದು. ಅಗ್ನಿವೀರ್ ಟೆಕ್ನಿಕಲ್‌ನಲ್ಲೂ ಹೀಗೆಯೇ. ಹಾಗೆ ಸಿಕ್ಕರೂ ನಗುತ್ತ ಹೋಗುತ್ತೇನೆ ಎನ್ನುವವನು ಅರ್ಜಿ ಹಾಕಲಿ. ಸಿಗ್ನಲ್ಸ್ ಸಿಗದಿದ್ದರೆ ಬೇಡ ಎನ್ನುವವನಿಗೆ ಬಿಇಎಲ್ ಮತ್ತು ಡಿಆರ್‌ಡಿಒ ಹೇಳಿದ್ದೇನೆ.

2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಬೆಳಗಾವಿಯಿಂದ ಸೇನೆಯ ತಂಡ ಬಂದದ್ದನ್ನು ನೀವು ನೋಡಿದ್ದೀರಿ. ಮಣ್ಣಿನಡಿ ಏನಿದೆಯೆಂದು ರೇಡಾರ್ ಮೂಲಕ ಹುಡುಕಲು, ಗಂಗಾವಳಿಯ ಸೆಳೆತದ ಮೇಲೆ ಡ್ರೋನ್ ಹಾರಿಸಲು ಎಷ್ಟು ಕಷ್ಟಪಟ್ಟರೆಂಬುದೂ ಗೊತ್ತು. ಉಪಕರಣ ಎಷ್ಟೇ ಒಳ್ಳೆಯದಿದ್ದರೂ ಮಳೆ, ಕೆಸರು, ಪ್ರವಾಹ ತಮ್ಮ ಪಾಲನ್ನು ಕೇಳುತ್ತವೆ. ಸೈನ್ಯದ ತಂತ್ರಜ್ಞ ವರ್ಷವಿಡೀ ದುಡಿಯುವುದು ಅಂಥ ವಾತಾವರಣದಲ್ಲೇ.

ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಕನ್ನಡಕ ಇದ್ದರೆ ತೆಗೆದುಕೊಳ್ಳುತ್ತಾರೆಯೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಪ್ರತಿ ನೇಮಕಾತಿಗೂ ದೃಷ್ಟಿಯ ಮಿತಿಯನ್ನು ಬೇರೆಯಾಗಿ ಹೇಳಿರುತ್ತಾರೆ, ಅದನ್ನು ಕಣ್ಣಿನ ವೈದ್ಯರಿಗೆ ತೋರಿಸಿಯೇ ಅರ್ಜಿ ಹಾಕಬೇಕು. ಅದಕ್ಕಿಂತ ಮುಖ್ಯವಾಗಿ ಕೆಂಪು ಮತ್ತು ಹಸಿರು ಬಣ್ಣ ಬೇರೆಯಾಗಿ ಕಾಣುತ್ತದೆಯೇ ಎಂದು ಈಗಲೇ ಪರೀಕ್ಷಿಸಿಕೊಳ್ಳಿ. ಬಣ್ಣಗುರುಡು ಇರುವವರಿಗೆ ಎಷ್ಟೋ ಸಲ ಅದು ತಿಳಿದೇ ಇರುವುದಿಲ್ಲ, ಕೇಬಲಿನೊಳಗಿನ ಬಣ್ಣದ ತಂತಿಗಳನ್ನು ಜೋಡಿಸುವ ಕೆಲಸಕ್ಕೆ ಅದು ಆಗಿಬರುವುದಿಲ್ಲ.

ಇನ್ನೊಬ್ಬರು, ಮಾಜಾಳಿಯ ಹಿರಿಯರು, ಸಿಗ್ನಲ್ಸ್‌ನ ಎರಡು ತರಬೇತಿ ಕೇಂದ್ರಗಳಲ್ಲಿ ಒಂದು ಜಬಲ್‌ಪುರದಲ್ಲಿ, ಇನ್ನೊಂದು ಗೋವಾದಲ್ಲಿ ಇದೆಯಲ್ಲ, ಗೋವಾ ಎಂದರೆ ನಮಗೆ ಗಡಿ ದಾಟಿದರಾಯಿತು, ಮಗ ಭಾನುವಾರ ಊಟಕ್ಕೆ ಮನೆಗೆ ಬಂದು ಹೋಗಬಹುದೇ ಎಂದು ಕೇಳಿದರು. ಸಭೆ ನಕ್ಕಿತು, ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ಯಾವ ಕೇಂದ್ರಕ್ಕೆ ಕಳುಹಿಸಬೇಕೆಂಬುದು ಸೇನೆಯ ತೀರ್ಮಾನ, ಊರು ಹತ್ತಿರವೆಂದು ಕೇಳುವಂತಿಲ್ಲ. ಗೋವಾವೇ ಸಿಕ್ಕರೂ ತರಬೇತಿಯ ಭಾನುವಾರಗಳು ಬಟ್ಟೆ ಒಗೆಯಲು, ಬೂಟು ಪಾಲಿಶ್ ಮಾಡಲು ಹೋಗುತ್ತವೆ. ಅಗ್ನಿವೀರನಿಗೆ ವರ್ಷಕ್ಕೆ 30 ದಿನ ರಜೆ. ಅದನ್ನು ಯಾವಾಗ ಕೊಡಬೇಕೆಂಬುದೂ ಘಟಕದ ಕೈಯಲ್ಲಿದೆ. ಹಬ್ಬಕ್ಕೋ ಅಡಿಕೆಯ ಕೊನೆಕೊಯ್ಲಿಗೋ ಮಗ ಇದ್ದೇ ಇರುತ್ತಾನೆ ಎಂದು ಎಣಿಸದೆ ಕಳುಹಿಸಿ ಎಂದು ಅವರಿಗೆ ಹೇಳಿದೆ.